ಸಿಪಿಯು ಮೇಲೆ ಹೊದಿಸಿದ ಬಟ್ಟೆ

ಲೈಟ್ ಬೇಕಾದ್ರೆ ಹಾಕ್ಕೊಳ್ಳಿ. ಆದ್ರೆ ಮಧ್ಯೆ ನಗಬೇಡಿ. ಇದು ಎಲ್ಲೋ ಕೇಳಿದ ಸುದ್ದಿಯಲ್ಲ, ನಮ್ಮ ಚಿಕ್ಕಪ್ಪನ ಮಗಳಿಗೇ ಆಗಿದ್ದು. ಮನೇಲಿ ನಾವೆಲ್ಲ ಅವಳನ್ನ ಕರೆಯೋದು ಮೊಂಡಿ ಅಂತ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಕೇಳ್ತಾ ಹೋಗಿ.

ಅವತ್ತು ರಾತ್ರಿ ಮೊಂಡಿ ಅಂಗಡಿ ಮುಚ್ಚಿ ಒಬ್ಬಳೇ ಮನೆಗೆ ಹೊರಟಿದ್ಲು. ಬೀದಿ ಕೊನೇಲಿ ಒಂದು ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಯಾರೂ ನೀರು ಸೇದಲ್ಲ. ಅದರ ಪಕ್ಕ ಬರೋ ಹೊತ್ತಿಗೆ ಹಿಂದಿನಿಂದ ಸದ್ದು...

ಹೂಂ... ಹೂಂ... ಟರ್ರ್...

ಹೆಜ್ಜೆ ಸದ್ದಲ್ಲ. ನಾಯಿದೂ ಅಲ್ಲ. ಮೊಂಡಿಗೆ ಅದು ಚೆನ್ನಾಗಿ ಗೊತ್ತಿದ್ದ ಸದ್ದು. ಅವಳ ಅಂಗಡಿಯ ಹಳೇ ಕಂಪ್ಯೂಟರಿನ ಫ್ಯಾನು. ಮೈ ಬಿಸಿಯೇರಿದಾಗ ಅದು ಹೀಗೇ ನರಳ್ತಿತ್ತು.

ಆದ್ರೆ ಅದನ್ನ ಆಫ್ ಮಾಡಿ, ಪ್ಲಗ್ ಕಿತ್ತಿಟ್ಟೇ ಬಂದಿದ್ಲು.

ನಾನಾಗಿದ್ರೆ ಹಿಂದೆ ನೋಡದೆ ಓಡಿರ್ತಿದ್ದೆ. ಮೊಂಡಿ ವಾಪಸ್ ಹೋದ್ಲು. ಷಟರ್ ಎತ್ತಿದ್ಲು, ಗರಗರಗರ ಅಂತ. ಒಳಗೆ ಕತ್ತಲು. ಸದ್ದಿಲ್ಲ. ಪ್ಲಗ್ ಕಿತ್ತಿದ್ದು ಕಿತ್ತ ಹಾಗೇ ಬಿದ್ದಿದೆ. ಸಿಪಿಯು ಮೇಲೆ ಕೈ ಇಟ್ಲು... ಇಸ್ತ್ರಿಪೆಟ್ಟಿಗೆ ಥರ ಸುಡ್ತಾ ಇತ್ತು. ಅದಕ್ಕೆ ಯಾರೋ ಬೂದು ಬಣ್ಣದ ದಪ್ಪ ಬಟ್ಟೆ ಹೊದಿಸಿದ್ರು. ಮಲಗಿದ ಮಗೂಗೆ ಹೊದಿಸಿದ ಹಾಗೆ, ಅಂಚೆಲ್ಲ ಒಳಗೆ ಸೇರಿಸಿ, ನೀಟಾಗಿ.

ಆ ಅಂಗಡಿ ಮೊದಲು ಒಬ್ಬ ಟೈಲರಿಂದು. ವಯಸ್ಸಾದವರು, ಒಂಟಿ ಮನುಷ್ಯ. ಬಟ್ಟೆ ಮೇಲೆ ಹೂವು, ಹೆಸರು ಎಲ್ಲ ತಾನೇ ಹೊಲಿಯೋ ದೊಡ್ಡ ಎಂಬ್ರಾಯ್ಡರಿ ಮೆಷಿನ್ ತಂದಿದ್ರು. ಅದನ್ನ ನಡೆಸೋಕೆ ಈ ಕಂಪ್ಯೂಟರು. ಒಂದಿನ ಅದರ ಮುಂದಿನ ಕುರ್ಚೀಲೇ ಕೂತು, ಮೇಜಿಗೆ ತಲೆ ಇಟ್ಟವರು ಏಳಲೇ ಇಲ್ಲ. ಆಮೇಲೆ ಬಾಡಿಗೆಗೆ ಬಂದವರು ಯಾರೂ ಅಲ್ಲಿ ನಿಲ್ಲಲಿಲ್ಲ. ಬೇಡ ಕಣೇ, ಅಂತ ಎಲ್ರೂ ಬುದ್ಧಿ ಹೇಳಿದ್ರು. ಎಲ್ರೂ ಬೇಡ ಅಂದಮೇಲೆ ಕೇಳಬೇಕಾ? ಮೊಂಡಿ ಮೆಷಿನ್ ಸಮೇತ ಅಂಗಡಿ ಹಿಡಿದ್ಲು.

ಕಾಟ ಶುರುವಾಗಿದ್ದು ಕಂಪ್ಯೂಟರಿಂದ. ಸೂಜಿ ಅರ್ಧ ಅಕ್ಷರ ಹೊಲಿದಿರುತ್ತೆ, ಪರದೆ ಪಟ್ ಅಂತ ಕಪ್ಪಾಗುತ್ತೆ. ಆ ಬಟ್ಟೆ ಕಸಕ್ಕೆ. ಬೇರೆ ಕಂಪ್ಯೂಟರ್ ಹಾಕೋಣ ಅಂದ್ರೆ ಆ ಮೆಷಿನ್ ಇದರ ಮಾತು ಬಿಟ್ಟು ಇನ್ನೊಂದರ ಮಾತು ಕೇಳಲ್ಲ.

ಆ ಬಟ್ಟೆ ಕಂಡ ರಾತ್ರಿಯ ಮಾರನೇ ದಿನ ರಿಪೇರಿಯವನನ್ನ ಕರೆಸಿದ್ಲು. ಪಕ್ಕದ ತಗಡು ಬಿಚ್ಚಿದ. ಒಳಗೆ ಧೂಳು ಕಂಬಳಿ ಥರ ಕೂತಿತ್ತು. ಬ್ಲೋವರ್ ಹಿಡಿದು ಬುಸ್ಸ್ ಅಂತ ಊದಿದ. ಒಳಗಿನ ಚಿಪ್ ಬಿಸಿಯಾಗದಿರಲಿ ಅಂತ ಹಚ್ಚೋ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಅದನ್ನ ಒರೆಸಿ ಹೊಸದು ಹಚ್ಚಿದ. ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ.

"ಅಕ್ಕಾ, ಗೋಡೆಗೆ ಅಂಟಿಸಿ ಇಡಬೇಡಿ. ಗೇಣು ಜಾಗ ಬಿಡಿ. ಈ ಪಕ್ಕ ತೆರೆದೇ ಇರಲಿ, ಎದುರಿಗೆ ಟೇಬಲ್ ಫ್ಯಾನ್ ಇಡಿ. ಮುಖ್ಯವಾಗಿ, ಮೇಲೆ ಬಟ್ಟೆ ಮುಚ್ಚಬೇಡಿ. ಧೂಳು ಬೀಳಬಾರದು ಅಂತ ಮುಚ್ಚಿ ಮುಚ್ಚೀನೇ ಇದನ್ನ ಕೊಲ್ತಾ ಇದ್ದೀರಿ."

"ನಾನು ಮುಚ್ಚಲ್ಲಪ್ಪ."

"ಮತ್ತೆ ಯಾರು?"

ಮೊಂಡಿ ಆ ಬೂದು ಬಟ್ಟೆ ತೋರಿಸಿದ್ಲು. ಅವನು ಅದನ್ನ ನೋಡಿದ. ಕುರ್ಚಿ ಕಡೆ ನೋಡಿದ. ದನಿ ತಗ್ಗಿಸಿ, "ಅಕ್ಕಾ... ಇದು ಆ ಟೈಲರಿಂದು. ಅವರ ಕಾಲದಲ್ಲಿ ನಾನು ಬರ್ತಿದ್ದಾಗ್ಲೂ ಇದೇ ಮುಚ್ಚಿರ್ತಿದ್ರು," ಅಂದ. ಬ್ಲೋವರ್ ಎತ್ತಿಕೊಂಡು ಹೋದ. ಸ್ಕ್ರೂಡ್ರೈವರ್ ಅಲ್ಲೇ ಮರೆತ. ತಗೊಳ್ಳೋಕೂ ಬರಲಿಲ್ಲ.

ಮೊಂಡಿ ಏನು ಮಾಡಿದ್ಲು ಗೊತ್ತಾ? ಸಂಜೆ ಆ ಬಟ್ಟೆ ಸುರುಳಿ ಸುತ್ತಿ, ಬಾವಿ ಜಾಲರಿಯ ಸಂದಿಯಿಂದ ಒಳಗೆ ತುರುಕಿದ್ಲು. ಕೆಳಗೆ ಪಚಕ್ ಅಂದಿದ್ದು ಕೇಳಿಸಿಕೊಂಡೇ ಮನೆಗೆ ಹೋದ್ಲು.

ಬೆಳಗ್ಗೆ ಷಟರ್ ಎತ್ತಿದ್ರೆ ಬಟ್ಟೆ ಸಿಪಿಯು ಮೇಲಿತ್ತು. ಒದ್ದೆ ಇರಲಿಲ್ಲ. ಇಸ್ತ್ರಿ ಮಾಡಿದ ಹಾಗೆ ಗೆರೆ ಬಿದ್ದಿತ್ತು.

ಅದೇ ವಾರ ಆಸ್ಪತ್ರೆಯಿಂದ ದೊಡ್ಡ ಕೆಲಸ ಬಂತು. ಅಷ್ಟೂ ನರ್ಸುಗಳ ಕೋಟಿನ ಮೇಲೆ ಹೆಸರು ಹೊಲಿಯೋದು. ಇವಳ ಅಣ್ಣ, ಅಂದ್ರೆ ಚಿಕ್ಕಪ್ಪನ ದೊಡ್ಡ ಮಗ, ಮೊದಲಿಂದಾನೂ ಈ ಅಂಗಡಿ ಅಂದ್ರೆ ಉರಿದು ಬೀಳ್ತಿದ್ದ. "ಇದೊಂದು ಕೆಟ್ಟರೆ ಅಂಗಡಿಗೆ ಬೀಗ. ಮನೇಲಿದ್ದು ನನ್ನ ಮಕ್ಕಳನ್ನ ನೋಡ್ಕೋ," ಅಂದ. "ನಿನ್ನ ಮಕ್ಕಳನ್ನ ನೀನು ನೋಡ್ಕೋ," ಅಂದ್ಲು ಇವಳು.

ಕೋಟು ಕೊಡಬೇಕಾದ ಹಿಂದಿನ ರಾತ್ರಿ. ಇನ್ನೂ ಅರ್ಧ ಬಾಕಿ. ಹೆಂಗಸು ಒಬ್ಬಳೇ ಇರೋದು ಬೇಡ ಅಂತ ಅಣ್ಣನೂ ಬಂದು ಷಟರ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ. ಕಾವಲಿಗೆ ಅಂದ. ಇವಳು ಸೋಲೋದನ್ನ ನೋಡೋಕೆ ಬಂದಿದ್ದ ಅಂತ ನನ್ನ ಲೆಕ್ಕ.

ಟೇಬಲ್ ಫ್ಯಾನ್ ತಿರುಗ್ತಾ ಇದೆ. ಸೂಜಿ ಟಕಟಕಟಕ ಅಂತ ಓಡ್ತಾ ಇದೆ. ಮೊಂಡಿಯ ಒಂದು ಕೈ ಸಿಪಿಯು ಮೇಲೇ. ಉಗುರುಬೆಚ್ಚಗಿದೆ, ಪರವಾಗಿಲ್ಲ.

ಇದ್ದಕ್ಕಿದ್ದಂಗೆ ಟೇಬಲ್ ಫ್ಯಾನ್ ನಿಂತುಹೋಯ್ತು. ಕರೆಂಟ್ ಇದೆ, ಲೈಟ್ ಇದೆ... ಫ್ಯಾನ್ ಮಾತ್ರ ನಿಂತಿದೆ.

ಮೊಂಡಿ ಆ ಬೂದು ಬಟ್ಟೆ ತೆಗೆದು ಬಿಸಾಕಿದ್ದ ಮೂಲೆಯಿಂದ ಸರ್ರ್... ಅಂತ ಎಳೆದ ಸದ್ದು.

"ಮೊಂಡೀ..." ಅಣ್ಣ ಪಿಸುಗುಟ್ಟಿದ. "ಅಲ್ಲಿ ನೋಡೇ..."

"ನೋಡ್ದೆ."

"ಅದು... ಬರ್ತಾ ಇದೆ..."

"ಬರಲಿ. ನೀನು ಸುಮ್ನಿರು."

ಬೂದು ಬಟ್ಟೆ ನೆಲದ ಮೇಲೆ ತೆವಳ್ತಾ ಬಂತು. ಮೇಜಿನ ಕಾಲು ಹತ್ತಿತು. ಸಿಪಿಯು ಮೇಲೆ ನಿಧಾನವಾಗಿ ಹರಡಿಕೊಳ್ತು. ಒಳಗಿನ ಫ್ಯಾನು ಹೂಂ... ಟರ್ರ್... ಅಂತ ನರಳೋಕೆ ಶುರು. ಪರದೆ ಒಂದ್ಸಲ ಮಿಣುಕ್ ಅಂತು.

ಮೊಂಡಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಎಳೆದ್ಲು. ಬರಲಿಲ್ಲ. ಆ ಕಡೆಯಿಂದ ಯಾರೋ ಹಿಡಿದಿದ್ರು. ಜೋರಾಗಿ ಎಳೆದ್ರೆ ಜೋರಾಗಿ, ಸಡಿಲ ಬಿಟ್ರೆ ಸಡಿಲವಾಗಿ... ಮನುಷ್ಯರು ಹಿಡಿದ ಹಾಗೇ.

ಆವಾಗ ಅವಳಿಗೆ ಭಯ ಹೋಗಿ ಸಿಟ್ಟು ಬಂತಂತೆ.

"ನೋಡಿ," ಅಂದ್ಲು, ಖಾಲಿ ಕುರ್ಚಿ ಕಡೆ ತಿರುಗಿ. "ಇದು ನಿಮ್ಮ ಕೈಯಾಡಿದ ಮೆಷಿನ್, ನನಗೆ ಗೊತ್ತು. ಪ್ರೀತಿಯಿಂದ ಮುಚ್ತೀರಿ, ಅದೂ ಗೊತ್ತು. ಆದ್ರೆ ಮುಚ್ಚಿದ್ರೆ ಇದಕ್ಕೆ ಉಸಿರು ಕಟ್ಟುತ್ತೆ. ನಿಮಗೆ ಈಗ ಉಸಿರು ಬೇಡ. ಇದಕ್ಕೆ ಬೇಕು. ನನಗೂ ಬೇಕು. ಬಿಡಿ!"

ಬಿಡಲಿಲ್ಲ.

ಮೇಜಿನ ಮೇಲೆ ಆ ಟೈಲರಿನದೇ ದೊಡ್ಡ ಕತ್ತರಿ ಇತ್ತು. ಒಂದು ಕೈಯಲ್ಲಿ ಬಟ್ಟೆ ಬಿಗಿಹಿಡಿದು ಇನ್ನೊಂದರಲ್ಲಿ ಕತ್ತರಿ ತಗೊಂಡ್ಲು. ಕರ್ರ್... ಕರ್ರ್... ಕರ್ರ್... ಅಂಚಿಂದ ಅಂಚಿಗೆ ಸೀಳಿಬಿಟ್ಲು. ಅರ್ಧ ಅವಳ ಕೈಗೆ ಬಂತು. ಇನ್ನರ್ಧ ಪೊತ್ ಅಂತ ನೆಲಕ್ಕೆ ಬಿತ್ತು.

"ಅಯ್ಯೋ, ಕತ್ತರಿಸಬೇಡ್ವೇ..." ಅಂತ ಅಣ್ಣ ಅಳೋದೊಂದು ಬಾಕಿ.

ಆಮೇಲೆ ಖಾಲಿ ಕುರ್ಚಿ ಕಿರ್ರ್... ಅಂತು. ಕೂತವರು ಎದ್ದಾಗ ಅನ್ನುತ್ತಲ್ಲ, ಹಾಗೆ. ನೆಲದ ಮೇಲೆ ಚಪ್ಪಲಿ ಎಳೆದ ಸದ್ದು. ಸರಕ್... ಸರಕ್... ಷಟರ್ ಕಡೆ ಹೋಯ್ತು. ಅಣ್ಣ ಕಣ್ಣು ಮುಚ್ಚಿ, ಮೊಣಕಾಲಿಗೆ ಮುಖ ಒತ್ತಿಕೊಂಡು ಮುದುರಿದ. ಸದ್ದು ಅವನ ಪಕ್ಕಕ್ಕೇ ಬಂದು ನಿಂತಿತು. ಹೊರಗೆ ಹೋಗಿದ್ದು ಮಾತ್ರ ಕೇಳಿಸಲಿಲ್ಲ.

ಮೊಂಡಿ ಅತ್ತ ನೋಡಲೂ ಇಲ್ಲ. ನಿಂತ ಟೇಬಲ್ ಫ್ಯಾನನ್ನ ಪಕ್ಕಕ್ಕೆ ತಳ್ಳಿ, ಒಂದು ರಟ್ಟು ತಗೊಂಡು ಕೈಯಲ್ಲೇ ಗಾಳಿ ಹಾಕ್ತಾ ಕೂತ್ಲು. ಕೈ ಸೋತರೆ ಇನ್ನೊಂದು ಕೈ. "ಆರಿಹೋಗು ನೋಡೋಣ, ಆರಿಹೋಗು," ಅಂತ ಕಂಪ್ಯೂಟರಿಗೆ ಸವಾಲು ಹಾಕ್ತಾನೇ ಇದ್ಲಂತೆ. ಆರಲಿಲ್ಲ. ಕಾಗೆ ಕೂಗೋ ಹೊತ್ತಿಗೆ ಕೊನೇ ಕೋಟು ಮುಗೀತು. ಆಸ್ಪತ್ರೆಯವರು ಬಂದು ತಗೊಂಡು ಹೋದ್ರು. ಒಂದು ಅಕ್ಷರ ತಪ್ಪಿರಲಿಲ್ಲ. ಇವತ್ತಿಗೂ ಅದೇ ಅಂಗಡಿ, ಅದೇ ಕಂಪ್ಯೂಟರು. ಪಕ್ಕದ ತಗಡು ತೆರೆದೇ ಇದೆ, ಮೇಲೆ ಏನೂ ಇಲ್ಲ. ಬೇಕಾದ್ರೆ ಹೋಗಿ ನೋಡಿ.

ಅಣ್ಣ ಆ ಬೆಳಗ್ಗೆ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಸ್ನಾನಕ್ಕೆ ಹೋಗೋಣ ಅಂತ ಶರ್ಟ್ ಬಿಚ್ಚೋಕೆ ಹೋದ... ಆಗಲಿಲ್ಲ. ಆ ಶರ್ಟಿಗೆ ಕತ್ತಿನ ಹತ್ತಿರದ ಗುಂಡಿ ಕಿತ್ತುಹೋಗಿ ಎಷ್ಟೋ ಕಾಲ ಆಗಿತ್ತು, ಅತ್ತಿಗೆ ಅದಕ್ಕೇ ಗೊಣಗ್ತಿದ್ರು. ಈಗ ಅಲ್ಲೊಂದು ಗುಂಡಿ ಇತ್ತು. ಬಿಗಿಯಾಗಿ ಹೊಲಿದು, ಗಂಟಲಿನವರೆಗೂ ಹಾಕಿತ್ತು. ಇಡೀ ರಾತ್ರಿ ಅವನು ಆ ಶರ್ಟ್ ಮೈಯಿಂದ ತೆಗೆದೇ ಇರಲಿಲ್ಲ.

ನಂಬಲ್ಲ ಅಂದ್ರೆ ಬಿಡಿ. ಆ ಗುಂಡಿ ಬಿಚ್ಚಿಕೊಟ್ಟವನು ನಾನು. ದಾರದ ತುದೀನ ಕತ್ತರೀಲಿ ಕತ್ತರಿಸಿರಲಿಲ್ಲ, ಹಲ್ಲಲ್ಲಿ ಕಡಿದಿದ್ರು. ನಾನು ಮುಟ್ಟಿದಾಗ ಇನ್ನೂ ಒದ್ದೆ ಇತ್ತು.