ಯಂತ್ರದ ಮುಂದಿನಿಂದ ಏಳದವಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ವಿಡಿಯೊ ಚಿತ್ರಗಾರರ ಸಂಘದ ಸದಸ್ಯರೇ, ಅವರ ಜೊತೆ ಬಂದ ತಪ್ಪಿಗೆ ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಮನೆಯವರೇ, ಸಭಿಕರೇ, ತಮಗೆಲ್ಲ ಈ ಸಂಜೆಯ ವಂದನೆಗಳು.

ನಾನು ಇವತ್ತಿನ ಭಾಷಣಕಾರನಲ್ಲ. ಇವತ್ತು ಸನ್ಮಾನ ಸ್ವೀಕರಿಸಬೇಕಾದವರನ್ನು ಅಧ್ಯಕ್ಷರು ಆಗಲೇ ಎರಡು ಸಲ ವೇದಿಕೆಗೆ ಕರೆದರು. ಅವರು ಬರಲಿಲ್ಲ. ಹಾಗಂತ ಊರಲ್ಲಿಲ್ಲವೇ? ಇದ್ದಾರೆ. ನಿಮ್ಮೆಲ್ಲರ ಬೆನ್ನ ಹಿಂದೆ, ಬಾಗಿಲ ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಾರೆ. ಈ ಸಮಾರಂಭ ನೇರವಾಗಿ ಅವರ ಹಾರ್ಡ್ ಡಿಸ್ಕಿಗೆ ಇಳಿಯುತ್ತಿದೆ. ರೆಕಾರ್ಡಿಂಗ್ ನಡೆಯುವಾಗ ಜಪ್ಪಯ್ಯ ಅಂದರೂ ಅವರು ಏಳುವುದಿಲ್ಲ. ಅವರು ನನ್ನ ಹೆಂಡತಿ. "ನೀವೇ ಏನಾದ್ರೂ ಮಾತಾಡಿ ಒಪ್ಸಿ" ಎಂದು ಅಧ್ಯಕ್ಷರು ಮೈಕನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಮದುವೆಯಾದಾಗಿನಿಂದ ನಾನು ಆಕೆಯನ್ನು ಯಾವುದಕ್ಕೂ ಒಪ್ಪಿಸಿದ ದಾಖಲೆಯಿಲ್ಲ. ಆದರೂ ನೋಡೋಣ.

ಆಕೆಗೆ ಸನ್ಮಾನ ಯಾಕೆ? ಚಂದದ ಚಿತ್ರ ತೆಗೆದಿದ್ದಕ್ಕಲ್ಲ. ಚಿತ್ರ ತೆಗೆಯುವವನು ನಾನು, ನನ್ನನ್ನು ಯಾರೂ ಕರೆದಿಲ್ಲ. ತೆಗೆದ ಚಿತ್ರ ಕಳೆಯದ ಹಾಗೆ ಕಾದಿದ್ದಕ್ಕೆ, ಕಾಯುವುದು ಹೇಗೆ ಅಂತ ನಿಮಗೆಲ್ಲ ಗದರಿಸಿ ಕಲಿಸಿದ್ದಕ್ಕೆ ಸನ್ಮಾನ. ಗದರಿಸಿಕೊಳ್ಳದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿದಿರಾ, ಅಧ್ಯಕ್ಷರೂ ಎತ್ತಲಿಲ್ಲ.

ನಮ್ಮ ವಿಡಿಯೊ ಅಂಗಡಿಯಲ್ಲಿ ನಡೆಯುವುದು ಆಕೆಯ ಕಾನೂನು. ರೆಕಾರ್ಡಿಂಗಿನ ಡಿಸ್ಕಿನಲ್ಲಿ ಬೇರೇನೂ ಇರಕೂಡದು, ತೊಳೆದಿಟ್ಟ ಪಾತ್ರೆಯ ಹಾಗಿರಬೇಕು. ಕಂಪ್ಯೂಟರಿಗೆ ಇಂಟರ್ನೆಟ್ ಇರಕೂಡದು. ಇದ್ದರೆ ಮುಖ್ಯ ಅತಿಥಿಗಳು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಅದು ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಲು ಹೊರಡುತ್ತದೆ. ಕರೆಂಟು ಹೋದರೆ ಕೈಹಿಡಿಯುವ ಬ್ಯಾಟರಿ ಬೇಕು. ಇಡೀ ಕಾರ್ಯಕ್ರಮ ಒಂದೇ ಉದ್ದದ ಫೈಲಾಗದೆ ತುಂಡು ತುಂಡಾಗಿ ಉಳಿಯಬೇಕು, ಒಂದು ಕೆಟ್ಟರೆ ಮಿಕ್ಕಿದ್ದು ಬದುಕಲಿ ಅಂತ. ಸಾಲದ್ದಕ್ಕೆ ಕ್ಯಾಮೆರಾದ ಕಾರ್ಡಿನಲ್ಲೂ ಅದೇ ಹೊತ್ತಿಗೆ ಇನ್ನೊಂದು ಪ್ರತಿ. ಡಿಸ್ಕಿನ ತಂತಿಯನ್ನು ಮೇಜಿನ ಕಾಲಿಗೆ ಟೇಪು ಸುತ್ತಿ ಬಿಗಿಯುತ್ತಾಳೆ, ಓಡಾಡುವವರ ಕಾಲಿನ ಮೇಲೆ ಆಕೆಗೆ ನಂಬಿಕೆಯಿಲ್ಲ. ಗಂಡನ ಕಾಲಿನ ಮೇಲಂತೂ ಇಲ್ಲವೇ ಇಲ್ಲ. ನಾನು ಆ ಮೇಜಿನ ಹತ್ತಿರ ಸುಳಿದರೆ "ಅಲ್ಲಿಂದ್ಲೇ ಹೇಳಿ, ಕೇಳ್ಸತ್ತೆ" ಅನ್ನುತ್ತಾಳೆ.

ಇಷ್ಟೆಲ್ಲ ಭಯ ಎಲ್ಲಿಂದ ಬಂತು? ಅಗೋ, ಇವತ್ತು ನನ್ನ ಬದಲು ಕ್ಯಾಮೆರಾದ ಹಿಂದೆ ನಿಂತು ಮುಖ ಮರೆಸಿಕೊಳ್ಳುತ್ತಿರುವ ನನ್ನ ಭಾವಮೈದನನ್ನು ಕೇಳಿ. ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ನಿವೃತ್ತಿಯಾದ ದಿನ ಯಂತ್ರದ ಮುಂದೆ ಅವನಿದ್ದ. ರೆಕಾರ್ಡಿಂಗ್ ಹೇಗೂ ತಾನಾಗಿಯೇ ಆಗುತ್ತದಲ್ಲ, ಸುಮ್ಮನೆ ಕೂರುವುದೇಕೆ ಅಂತ ಅದೇ ಡಿಸ್ಕಿಗೆ ಸಿನಿಮಾವೊಂದನ್ನು ಕಾಪಿ ಮಾಡಲು ಹಚ್ಚಿದ. ಡಿಸ್ಕು ಎರಡು ಕೆಲಸವನ್ನೂ ಒಟ್ಟಿಗೆ ಮಾಡಲಾರದೆ ತಡವರಿಸಿತು. ಆಮೇಲೆ ಹಾಕಿ ನೋಡಿದರೆ ಆ ಮೇಡಂ "ಮಕ್ಕಳೇ" ಅಂತ ಶುರು ಮಾಡುತ್ತಾರೆ, ಮರುಗಳಿಗೆ ಕಣ್ಣೊರೆಸಿಕೊಂಡು ಕೆಳಗಿಳಿಯುತ್ತಿದ್ದಾರೆ. ನಡುವಿನದ್ದು ಮಾಯ. ಸಿನಿಮಾ ಮಾತ್ರ ಪೂರ್ತಿ ಬಂದಿತ್ತು.

ಮೇಡಂ ಬೈಯಲಿಲ್ಲ. ಅಂಗಡಿಗೆ ಬಂದು, "ನಾನು ಏನು ಹೇಳಿದೆ ಅಂತ ನಿಮಗೆ ಯಾರಿಗಾದ್ರೂ ನೆನಪಿದೆಯಾ? ಬರ್ಕೊಂಡಿರಲಿಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದರು. ನಮಗೆ ಯಾರಿಗೂ ನೆನಪಿರಲಿಲ್ಲ. ಅವರು ಹೋದ ಮೇಲೆ ನನ್ನ ಹೆಂಡತಿ ತಮ್ಮನನ್ನು ಆ ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಅಲ್ಲಿಂದೀಚೆಗೆ ನಮ್ಮ ಅಂಗಡಿಯ ಯಾವ ಕಾರ್ಯಕ್ರಮವೂ ಕಳೆದಿಲ್ಲ, ಆಕೆಯೂ ಎದ್ದಿಲ್ಲ.

ಸಭಿಕರೇ, ಆಕೆ ತಲೆ ಅಲ್ಲಾಡಿಸುತ್ತಿದ್ದಾಳೆ. ಮಾತು ಉದ್ದವಾಯಿತು ಅಂತ ಅರ್ಥ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದೆ ಕಣೇ, ಬೆಳಿಗ್ಗೆ ನೀನೇ ಖಾಲಿ ಮಾಡಿದೆ.

ಹೋದ ತಿಂಗಳು ಆಕೆಗೆ ಆಪರೇಷನ್ ಆಯಿತು. ಈಗ ಚೆನ್ನಾಗಿದ್ದಾಳೆ, ಗದರುವ ದನಿ ನೋಡಿದರೆ ಮೊದಲಿಗಿಂತ ಚೆನ್ನಾಗಿದ್ದಾಳೆ. ಆಸ್ಪತ್ರೆಯಲ್ಲಿದ್ದಾಗ ನಮ್ಮ ಮಗಳಿಗೆ ಅಮ್ಮನ ವಿಡಿಯೊ ಬೇಕು ಅನಿಸಿತು. ಅಂಗಡಿಯ ಡಿಸ್ಕುಗಳನ್ನೆಲ್ಲ ಹುಡುಕಿದ್ದಾಯಿತು. ಊರಿನವರ ಮದುವೆ, ನಾಮಕರಣ, ನಾಟಕ ಎಲ್ಲ ಇದೆ. ಕುಣಿಯಬಾರದಿದ್ದವರು ಕುಣಿದದ್ದೂ ಇದೆ. ಆಕೆ ಇಲ್ಲ. ಒಂದು ಕಡೆ ಮೊಣಕೈ, ಒಂದು ಕಡೆ ಕನ್ನಡಕದ ಕಡ್ಡಿ, ಇನ್ನೊಂದು ಕಡೆ "ಸರೀರಿ ಆಚೆ" ಎನ್ನುವ ದನಿ ಮಾತ್ರ. ಆ ಸರಿಯಬೇಕಾದವನು ನಾನೇ.

ಮಗಳಿಗೆ ಬೇಕು ಅನಿಸಿತು ಅಂದೆನೇ? ಇಲ್ಲ, ಅವಳು ಕೇಳಿಯೇ ಇರಲಿಲ್ಲ. ಬೇಕು ಅನಿಸಿದ್ದೂ ಹುಡುಕಿದ್ದೂ ನನಗೇ, ನಾನೇ. ಆಸ್ಪತ್ರೆಯಿಂದ ಅಂಗಡಿಗೆ ಬಂದು, ಆಕೆಯ ಕುರ್ಚಿಯಲ್ಲಿ ಕೂತು, ಒಂದಾದ ಮೇಲೊಂದು ಹಾಕಿ ನೋಡಿದೆ. ಕ್ಯಾಮೆರಾ ಯಾವತ್ತೂ ನನ್ನ ಕೈಯಲ್ಲೇ ಇತ್ತು. ಒಂದು ಸಲ ತಿರುಗಿಸಿದ್ದರೆ ಆಗುತ್ತಿತ್ತಲ್ಲ? ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನಕ್ಕಿಂತ ಅವತ್ತು ನನಗೆ ಹೆಚ್ಚು ಭಯವಾಯಿತು.

ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಅಧ್ಯಕ್ಷರು ಕ್ಷಮಿಸಬೇಕು.

ಅಗೋ, ಆಕೆ ಎದ್ದು ನಿಂತಳು. ಯಾರೂ ತಿರುಗಿ ನೋಡಬೇಡಿ, ಮತ್ತೆ ಕೂತುಬಿಟ್ಟಾಳು. ನನ್ನ ಕಡೆ ಬೆರಳು ಮಾಡಿ ತನ್ನ ಖಾಲಿ ಕುರ್ಚಿ ತೋರಿಸುತ್ತಿದ್ದಾಳೆ. ನಾನು ಅಲ್ಲಿ ಹೋಗಿ ಕೂತರೆ ತಾನು ಇಲ್ಲಿಗೆ ಬರುತ್ತಾಳಂತೆ. ಆಗಲಿ, ಬಂದೆ. ಏನನ್ನೂ ಮುಟ್ಟುವುದಿಲ್ಲ, ಫೋನನ್ನೂ ಇಲ್ಲೇ ಅಧ್ಯಕ್ಷರ ಮೇಜಿನ ಮೇಲೆ ಬಿಟ್ಟು ಬರುತ್ತೇನೆ. ಭಾವಮೈದ, ಕ್ಯಾಮೆರಾ ಅವಳ ಮುಖದಿಂದ ಕದಲಿಸಬೇಡ.

ಕೊನೆಯದಾಗಿ ಸಭಿಕರಲ್ಲಿ ಒಂದು ವಿನಂತಿ. ಆಕೆ ವೇದಿಕೆ ಹತ್ತಿದಾಗ ಚಪ್ಪಾಳೆ ತಟ್ಟಿ, ಬೇಗ ನಿಲ್ಲಿಸಬೇಡಿ. ಚಪ್ಪಾಳೆ ನಿಂತ ಕೂಡಲೇ ಆಕೆ ಕೆಳಗಿಳಿದುಬಿಡುತ್ತಾಳೆ. ನನಗೆ ಈ ವಿಡಿಯೊ ಸ್ವಲ್ಪ ಉದ್ದವಾಗಿಯೇ ಬೇಕು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಇನ್ನು ಕೈ ನೋಯಿಸಿಕೊಳ್ಳಲಿರುವ ನಿಮಗೆ, ಋಣಿ. ನಮಸ್ಕಾರ.