ಉಪಯೋಗ: ಏನೂ ಇಲ್ಲ

ನವಿ ಮುಂಬಯಿಯಲ್ಲಿ ಕಾಮೋಠೆಯ ಬಸ್ಸಿಗೆ ಕಾಯುತ್ತಾ, ಚಾಟ್ ಮಾಡುವವಳಂತೆ ನಟಿಸಿ, ಮುಂದೆ ನಿಂತಿದ್ದ ಇಬ್ಬರು ಹೆಂಗಸರ ಮಾತನ್ನು ಫೋನಿಗೆ ಇಳಿಸಿಕೊಂಡೆ.

"ಸುಂದರಿಯಕ್ಕ, ನಮ್ಮ ಬಿಲ್ಡಿಂಗ್ ಸೊಸೈಟಿ ಹಿಂದೆ ಕೆಸು ಬೆಳೀತದಲ್ಲ, ಆ ಜಾಗ ಪಾರ್ಕಿಂಗಿಗೆ ಕೊಡ್ತಾರಂತೆ!"

"ನಂದೇ ತಪ್ಪು, ಶರ್ಮಿಳಾ. ವಾರ್ಡ್ ಆಫೀಸಿಂದ ಗಿಡಗಳ ಸರ್ವೆಗೆ ಬಂದ ಹುಡುಗಿ 'ಇದರಿಂದ ಏನು ಉಪಯೋಗ' ಅಂತ ಕೇಳಿದ್ಳು. ಏನೂ ಇಲ್ಲ ಅಂತ ಬರೆಸಿದೆ."

"ಅಯ್ಯೋ, ಯಾಕೆ?"

"ಗೊತ್ತಾದ್ರೆ ನೀವೆಲ್ಲ ಎಲೆ ಕೊಯ್ಲಿಕ್ಕೆ ಬರ್ತೀರಲ್ಲ!"

"ಆ ಲಿಸ್ಟ್ ದಿಲ್ಲಿಗೆ ಹೋಗ್ತದಂತೆ, ದೇಶದ ಪ್ಲಾನಿಗೆ."

"ಕೆಸುವಿನೆಲೆಯ ಒಂದು ಪತ್ರೊಡೆಗೋಸ್ಕರ ದೇಶಕ್ಕೇ ಸುಳ್ಳು ಹೇಳಿದ ಹೆಂಗಸು ನಾನೊಬ್ಬಳೇ ಇರ್ಬೇಕು ಮಾರಾಯ್ತಿ."

ಬಸ್ ಬಂತು. ಸುಂದರಿಯಕ್ಕ ಹತ್ತಲಿಲ್ಲ.

"ನಡಿ, ವಾರ್ಡ್ ಆಫೀಸಿಗೆ ಹೋಗುವ. ಡಬ್ಬಿಯಲ್ಲಿ ನಾಲ್ಕು ಪತ್ರೊಡೆ ಉಂಟು. ತಿಂದು ನೋಡಿ ಉಪಯೋಗ ಬರ್ಕೊಳ್ಳಲಿ."

"ಆಮೇಲೆ ಅವರೂ ಕೊಯ್ಲಿಕ್ಕೆ ಬಂದ್ರೆ?"

"ಬರಲಿ. ಕಾರು ಬರುವುದಕ್ಕಿಂತ ಒಳ್ಳೇದು."

ಇಬ್ಬರೂ ಸಾಲು ಬಿಟ್ಟು ಹೊರಟರು.