ಹಂಡೆಯ ಮೇಲಿನ ಹೆಸರು

ದಾವಣಗೆರೆ ಕಡೆಯ ಒಂದು ಪೇಟೆಯಲ್ಲಿ ಹಾಲೇಶಪ್ಪ ಎಂಬ ಅನುಕೂಲಸ್ಥನಿದ್ದ. ಮದುವೆಮನೆಗಳಿಗೆ ಹಂಡೆ, ಕೊಪ್ಪರಿಗೆ ಬಾಡಿಗೆ ಕೊಡುವುದು ಅವನ ಕಸುಬು. ನೋಡಿ, ಅವನ ದೊಡ್ಡ ಕೊಪ್ಪರಿಗೆಯೊಳಗೆ ಒಮ್ಮೆ ಅಡುಗೆಭಟ್ಟನೇ ಕಳೆದುಹೋಗಿದ್ದ. ಊಟವೆಲ್ಲ ಮುಗಿದ ಮೇಲೆ ಸಿಕ್ಕ. ಅಂಥ ಕೊಪ್ಪರಿಗೆ!

ಪ್ರತಿ ಪಾತ್ರೆಯ ಮೇಲೂ ಹಾಲೇಶಪ್ಪನ ಹೆಸರು ಕೆತ್ತಿತ್ತು. ಕೊಡುವ ಮುಂಚೆ ಅವನದೊಂದು ಪ್ರಶ್ನೆ. "ಏನು ಅಡುಗೀರಿ? ಹುಣಸೆಹುಳಿ ಹಾಕ್ತೀರೇನು? ಒಳಗಿನ ತವರದ ಕಲಾಯಿ ಹೋಗ್ತೈತಿ ಮತ್ತೆ!"

ಒಂದು ದಿನ ಇಸ್ತ್ರಿ ಅಂಗಿಯವನೊಬ್ಬ ಬಂದ. "ಅಣ್ಣಾರೆ, ಪಾತ್ರೆ ಬ್ಯಾಡ. ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಬೇಕು. ದುಡ್ಡು ಬರ್ತೈತಿ, ಹೋಗ್ತೈತಿ. ನಿಮಗೆ ಕಮಿಷನ್."

ಹಾಲೇಶಪ್ಪ ಕೇಳಿದನೇ? ಏನು ಅಡುಗೆ ಎಂದು ಕೇಳಿದನೇ? ಇಲ್ಲ. ಕಾರ್ಡು ಕೊಟ್ಟ. ಬಂದ ಓಟಿಪಿಯನ್ನೆಲ್ಲ ಓದಿ ಹೇಳಿದ.

ಅವತ್ತಿನಿಂದ ಫೋನು ಟಿಣ್ ಎಂದರೆ ಲಕ್ಷ ಒಳಗೆ. ಚಹಾ ಆರುವುದರೊಳಗೆ ಮತ್ತೆ ಟಿಣ್. ಹಣ ಚೂರುಚೂರಾಗಿ ಕಾಣದ ಊರುಗಳ ಸುಳ್ಳು ಹೆಸರಿನ ಖಾತೆಗಳಿಗೆ, ಅಲ್ಲಿಂದ ಕ್ರಿಪ್ಟೊ ನಾಣ್ಯವಾಗಿ ಕಡಲಾಚೆಗೆ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಯ ಗಂಟೆ ಬಾರಿಸಿದರೂ ಜೇಬು ತಡವಿಕೊಂಡ.

"ಅದೂ ನಡುಗ್ತೈತಿ, ನೀವೂ ನಡುಗ್ತೀರಿ. ಚಳಿ ಹತ್ತಿದ್ದು ಫೋನಿಗೋ ನಿಮಗೋ?" ಎಂದಳು ಹೆಂಡತಿ ಗಂಗಮ್ಮ.

"ಸುಮ್ನಿರೇ, ಪಾತ್ರೆ ಬಾಡಿಗೆ ಇದ್ದಂಗೆ ಇದು" ಎಂದ.

ಕೊನೆಗೆ ಪೊಲೀಸರು ಬಾಗಿಲಿಗೆ ಬಂದರು. ಯಾರೋ ವಿಡಿಯೋ ಕರೆಯಲ್ಲಿ ಖಾಕಿ ವೇಷ ಹಾಕಿ, ನಿವೃತ್ತ ನರ್ಸಮ್ಮನೊಬ್ಬಳನ್ನು 'ಅರೆಸ್ಟ್' ಎಂದು ಹೆದರಿಸಿ, ಆಕೆಯ ಜೀವಮಾನದ ಗಳಿಕೆ ಕಿತ್ತಿದ್ದರು. ಅದು ಮೊದಲು ಬಿದ್ದದ್ದು ಇವನ ಖಾತೆಗೆ.

"ನಾ ಬಾಡಿಗೆ ಕೊಟ್ಟೀನಿ ಅಷ್ಟೇ, ಸಾಹೇಬ್ರೆ!"

"ನಮ್ಮನೆ ಗೃಹಪ್ರವೇಶಕ್ಕೆ ಹಂಡೆ ಕೇಳಿದಾಗ, ಹುಳಿ ಮಾಡ್ತೀರೇನು ಅಂತ ಜೀವ ತಿಂದಿದ್ರಿ" ಎಂದರು ಇನ್ಸ್‌ಪೆಕ್ಟರು. "ಇದಕ್ಕೆ ಒಂದ್ಸಲಾನೂ ಕೇಳ್ಲಿಲ್ವಾ? ಹೋಗ್ಲಿ, ಅವನ ಹೆಸರೇನು?"

ಹಾಲೇಶಪ್ಪನಿಗೆ ಗೊತ್ತಿರಲಿಲ್ಲ. ದುಡ್ಡು ಹೋದ ಆ ಇಡೀ ಹಾದಿಯಲ್ಲಿ ಕೆತ್ತಿದ್ದ ನಿಜವಾದ ಹೆಸರು ಒಂದೇ. ಅವನದು.

ನಗುತ್ತಿದ್ದೀರಿ. ನಗಿ. ಅಲ್ಲಿ ಕಂಬಕ್ಕೆ ಒರಗಿ ಕಥೆ ಕೇಳುತ್ತ ಕೂತವರೇ, ನಿಮ್ಮ ಕಾರ್ಡು ಈಗ ಯಾರ ಜೇಬಿನಲ್ಲಿದೆ? ಗೆಳೆಯನ ಹತ್ತಿರವೇ? ಇವತ್ತೇ ವಾಪಸು ತನ್ನಿ. ಖಾತೆ, ಸಿಮ್ಮು, ಓಟಿಪಿ ಯಾರಿಗೂ ಕೊಡಬೇಡಿ, ಅಳಿಯನಿಗೂ ಬೇಡ. ಗುರುತಿಲ್ಲದ ದುಡ್ಡು ಬಂದರೆ ಮುಟ್ಟದೆ ಬ್ಯಾಂಕಿಗೆ ಓಡಿ. ಕೂತಲ್ಲೇ ಕಮಿಷನ್ ಕೊಡುತ್ತೇನೆ ಎಂದು ಬಂದವನನ್ನು, ಒಳಗೇನು ಬೇಯುತ್ತಿದೆ ಎಂದು ಕೇಳಿ. ಹಂಡೆಯ ಕಲಾಯಿ ಹೋದರೆ ಮತ್ತೆ ಹಾಕಿಸಬಹುದು. ಆ ನರ್ಸಮ್ಮನ ಎದುರು ನಿಲ್ಲಬೇಕಾದ ಮುಖಕ್ಕೆ ಯಾವ ಕಲಾಯಿಗಾರನನ್ನು ಹುಡುಕುತ್ತೀರಿ?